ನೀವು ಹಿಂದೆ ಕೂತ್ಕೊಳ್ಳಿ

ಕರೆಂಟ್ ತಂತಿಯಿಂದ ಕಾಫಿ ತೋಟದ ಬೇಲಿಯ ಪಕ್ಕ ಬಿದ್ದಿದ್ದ, ಕೊಂಬೆಗಳಲ್ಲಿ ತಲೆಕೆಳಗಾಗಿ ತೂಗುವ ಸ್ಲಾತ್‌ನ ಅಂಗೈ ಸುಟ್ಟಿತ್ತು. ಇಸೊಲಿನಾ ಅದರ ಬಳಿ ಮಂಡಿಯೂರಿ, "ಹೆದರ್ಕೋಬೇಡ ಚಿನ್ನ," ಎಂದಳು.

"ಮಾತಾಡ್ಬೇಡಿ," ಎಂದ ವನ್ಯಜೀವಿ ರಕ್ಷಣಾ ಕೇಂದ್ರದ ಮುಖ್ಯಸ್ಥ ಎವೆಲಿಯೊ, ಮೆಲ್ಲಗೆ. "ನಿಮಗದು ಮುದ್ದು. ಅದಕ್ಕೆ ನಮ್ಮ ದನಿಯೇ ಬೇಟೆಗೆ ಬಂದ ಜಾಗ್ವಾರ್."

ಅವಳು ತುಟಿ ಕಚ್ಚಿಕೊಂಡು ಟವೆಲ್ ಹೊದಿಸಿದಳು. ಉಗುರುಗಳು ತಾಗದಂತೆ ಬೆನ್ನ ಕಡೆಯಿಂದ ಎತ್ತಿ, ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟಳು. ಹೊಸ ಡಾಕ್ಟರ್ ರೆನಾಟಾ ನೀರಿನ ಬಾಟಲಿ ತೆಗೆದಳು.

"ಏ, ನೀರು ಕೊಡ್ಬೇಡ, ಶ್ವಾಸಕೋಶಕ್ಕೆ ಹೋಗುತ್ತೆ. ಕಾಲೇಜಲ್ಲಿ ನಿದ್ದೆ ಹೊಡೀತಿದ್ಯಾ?" ಎವೆಲಿಯೊ ಪಿಸುದನಿಯಲ್ಲೇ ನಕ್ಕ. "ಜೀಪ್ ಹತ್ತು, ಮುಂದೆ ಕೂತ್ಕೋ."

ಆಮೇಲೆ ಇಸೊಲಿನಾಳ ಕಡೆ ತಿರುಗಿದ. ನಗು ಮುಖದಿಂದ ಇಳಿದಿತ್ತು. "ನೀವು ಹಿಂದೆ ಕೂತ್ಕೊಳ್ಳಿ."

ಅವಳಿಗೆ ನೀನು. ನನಗೆ ನೀವು.

ಇಸೊಲಿನಾ ನಿಕರಾಗುವಾದಿಂದ ಗಡಿ ದಾಟಿ ಕೋಸ್ಟರಿಕಾದ ಈ ಬೆಟ್ಟಕ್ಕೆ ಬಂದು ಮೂರು ತಿಂಗಳು. ಅವಳ ಊರಲ್ಲಿ 'ನೀವು' ಎಂದರೆ ಪಾದ್ರಿಗೆ, ಪೊಲೀಸಿಗೆ. ಮೂರು ತಿಂಗಳು ಅವಳು ಆ ಪದ ಕರಗಲೆಂದು ಕಾದಿದ್ದಳು. ರೆನಾಟಾ ಬಂದು ಮೂರೇ ದಿನ.

ಪೆಟ್ಟಿಗೆ ತೊಡೆಯ ಮೇಲೆ ಬೆಚ್ಚಗಿತ್ತು. ದಾರಿಯುದ್ದಕ್ಕೂ ಯಾರೂ ಮಾತಾಡುವಂತಿರಲಿಲ್ಲ. ಆದರೂ ರೆನಾಟಾ ಏನನ್ನೋ ಸನ್ನೆ ಮಾಡಿದಳು, ಅವನ ಭುಜ ನಗುವಿಗೆ ಅಲುಗಿತು. ಕನ್ನಡಿಯಲ್ಲಿ ಅವನ ಕಣ್ಣು ಒಮ್ಮೆ ಹಿಂದಕ್ಕೆ ಬಂತು. ಪೆಟ್ಟಿಗೆಯನ್ನು ನೋಡುತ್ತಿದ್ದಾನೆ, ಅಷ್ಟೇ, ಎಂದುಕೊಂಡಳು ಇಸೊಲಿನಾ. ಕರಾವಳಿಯ ಕೇಂದ್ರಕ್ಕೆ ವರ್ಗ ಕೇಳಿ ಬರೆದ ಪತ್ರ ಜೇಬಿನಲ್ಲಿ ಚುಚ್ಚುತ್ತಿತ್ತು.

ಕೇಂದ್ರ ತಲುಪಿದ ಮೇಲೆ ರೆನಾಟಾ ಪೆಟ್ಟಿಗೆಯನ್ನು ಚಿಕಿತ್ಸೆಗೆ ಒಳಗೆ ಒಯ್ದಳು. ಇಸೊಲಿನಾ ಪತ್ರ ಚಾಚಿದಳು. ಎವೆಲಿಯೊ ನಿಂತಲ್ಲೇ ಓದಿದ. ಅವನ ಕಿವಿ ಕೆಂಪಾಯಿತು. ಅಷ್ಟರಲ್ಲಿ ಅವನ ಮುದಿ ನಾಯಿ ಕುಂಟುತ್ತಾ ಬಂದು ಅವನ ಮೊಣಕಾಲಿಗೆ ತಲೆ ಒರಗಿಸಿತು.

"ಈಗ ಬೇಡ ರಾಜಾ," ಎಂದ ಅವನು. "ನೀವು ಹೋಗಿ ಮಲಗಿ. ಊಟ ಆಯ್ತಲ್ಲ ನಿಮ್ದು?"

ಇಸೊಲಿನಾ ದಂಗಾದಳು. "ನಾಯಿಗೂ ನೀವು ಅಂತೀರಾ?"

"ಮತ್ತೆ? ನಮ್ಮ ಬೆಟ್ಟದಲ್ಲಿ ಅಮ್ಮನಿಗೂ ನೀವು, ತೊಟ್ಟಿಲ ಮಗುವಿಗೂ ನೀವು. ಮನಸ್ಸಿಗೆ ಹತ್ತಿರ ಇರೋರಿಗೆಲ್ಲ."

"ರೆನಾಟಾಗೆ?"

"ಅವಳು ಕ್ಲಾಸ್‌ಮೇಟ್. ರಾಜಧಾನಿಯವಳು. ಅವರೆಲ್ಲ ನೀನು ಅಂತಾನೇ ಕರೆಯೋದು, ನಾನೂ ಕರೀತೀನಿ."

"ಅವಳನ್ನ ಮುಂದೆ ಕೂರಿಸಿದ್ರಿ."

"ಪೆಟ್ಟಿಗೆಗೆ ಹಿಂದೇನೇ ಜಾಗ. ಗಾಯ ಆಗಿರೋದನ್ನ ಅವಳ ತೊಡೆ ಮೇಲೆ ಇಡ್ಲಾ? ನಿಮ್ಮ ಕೈ ನಡುಗಲ್ಲ." ಅವನು ಪತ್ರವನ್ನು ಸೊಟ್ಟಗೆ ಮಡಿಸಿದ. ಪರಭಾಷೆಯ ಪಾಠ ಒಪ್ಪಿಸುವವನಂತೆ ಹೇಳಿದ: "ಇಸೊಲಿನಾ... ನೀನು ಹೋಗ್ಬೇಡ."

ಮೂರು ತಿಂಗಳು ಕಾದಿದ್ದ ಪದ. ಕೇಳಿದರೆ ಯಾರೋ ಬೇರೆಯವರನ್ನು ಕರೆದಂತಿತ್ತು.

ಅವಳು ಪತ್ರವನ್ನು ಅವನ ಕೈಯಿಂದ ವಾಪಸು ತೆಗೆದುಕೊಂಡಳು.

"ಸರಿಯಾಗಿ ಹೇಳಿ," ಎಂದಳು. "ನಾಯಿಗೆ ಹೇಳಿದ ಹಾಗೆ."