ಕಟ್ಟದೆ ಬಿಟ್ಟ ಕುರ್ಚಿ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಪ್ರವಾಸಿ ಹಡಗೊಂದರ ಮೇಲಿನ ಡೆಕ್ಕಿನಲ್ಲಿ ನನ್ನ ಕೆಲಸ. ರೋಗಿಯನ್ನು ಒಯ್ಯಲು ಹೆಲಿಕಾಪ್ಟರ್ ಬರುತ್ತದೆಂದರೆ ಜನರನ್ನು ಒಳಗೆ ಕಳಿಸಿ, ಕುರ್ಚಿಗಳನ್ನೆಲ್ಲ ಹಗ್ಗದಿಂದ ಬಿಗಿಯಬೇಕು. ಇಲ್ಲದಿದ್ದರೆ ಅದರ ಗಾಳಿಗೆ ಎಲ್ಲವೂ ತರಗೆಲೆ.

ಆ ಮಧ್ಯಾಹ್ನದ ರೋಗಿ ನನ್ನ ಅಕ್ಕನ ಗಂಡ, ನಮ್ಮ ಹಡಗಿನ ಅಡುಗೆಯವರು. ಒಲೆಯ ಮುಂದೆಯೇ ಎದೆ ಹಿಡಿದುಕೊಂಡು ಕುಸಿದಿದ್ದರು. ಹೆಲಿಕಾಪ್ಟರ್ ತಲೆಯ ಮೇಲೆ ಬಂದು ನಿಂತಾಗ ಗಾಳಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಆಗಲೇ ಕಂಡದ್ದು: ನಾನು ಕಟ್ಟಲು ಮರೆತ ಒಂದು ಕುರ್ಚಿ, ಅದರಲ್ಲಿ ಟೀ ಕುಡಿಯುತ್ತ ಕೂತ ಒಬ್ಬ ಅಜ್ಜಿ. ಅವರ ಒಂದು ಕೂದಲೂ ಅಲ್ಲಾಡುತ್ತಿರಲಿಲ್ಲ. ಟೀಯ ಹಬೆ ನೂಲಿನಂತೆ ನೆಟ್ಟಗೆ ಮೇಲೇರುತ್ತಿತ್ತು.

“ಅಜ್ಜೀ, ಒಳಗೆ ಹೋಗಿ!” ಎಂದು ಕಿರುಚಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವರು ಮೆಲ್ಲಗೆ ಆಡಿದ್ದು ಮಾತ್ರ ಕಿವಿಯ ಪಕ್ಕದಲ್ಲೇ ಹೇಳಿದಂತಿತ್ತು: “ಗಾಬರಿ ಆಗ್ಬೇಡಪ್ಪ. ನಿನ್ ಭಾವ ವಾಪಸ್ ಬರ್ತಾರೆ. ಟೀ ಚೆನ್ನಾಗಿ ಮಾಡ್ತಾರೆ.”

ನಮ್ಮ ನೆಂಟಸ್ತಿಕೆ ಯಾವ ಪ್ರಯಾಣಿಕರಿಗೂ ಗೊತ್ತಿರಲಿಲ್ಲ.

ಸ್ಟ್ರೆಚರ್ ಮೇಲೇರಿತು. ತಿರುಗಿ ನೋಡಿದರೆ ಕುರ್ಚಿ ಖಾಲಿ, ಮುಟ್ಟಿದರೆ ಬೆಚ್ಚಗಿತ್ತು.

ಭಾವ ಗುಂಡುಕಲ್ಲಿನ ಹಾಗೆ ಮರಳಿ ಬಂದರು. ನಾನು ಇದನ್ನು ಹೇಳಿದಾಗ ನಗಲಿಲ್ಲ. “ಸಕ್ಕರೆ ಎಷ್ಟು ಹಾಕ್ಲಿ ಅಂತ ಕೇಳ್ಬೇಕಿತ್ತು ಕಣೋ” ಎಂದರಷ್ಟೇ.

ಈಗಲೂ ಹೆಲಿಕಾಪ್ಟರ್ ಬರುವ ದಿನ ಆ ಒಂದು ಕುರ್ಚಿಯನ್ನು ನಾನು ಕಟ್ಟುವುದಿಲ್ಲ. ಭಾವ ಅದರ ಪಕ್ಕದಲ್ಲಿ ಒಂದು ಕಪ್ ಟೀ ಇಟ್ಟು ಹೋಗುತ್ತಾರೆ. ಕಪ್ ಉರುಳಿದ್ದೂ ಇಲ್ಲ, ಟೀ ಹಾಗೇ ಉಳಿದು ವಾಪಸ್ ಬಂದದ್ದೂ ಇಲ್ಲ.