ಸಂತೆಯ ಗೇಟು ದಾಟಿದ ಟಗರು

ಕುಡುಗೋಲಿನ ತುದಿ ಕುತ್ತಿಗೆಗೆ ತಣ್ಣಗೆ ತಾಗಿತು.

"ಸುರೇಖಾ, ಲೈವ್ ಬಂದ್ ಮಾಡು!"

ಮಹಾಂತೇಶ. ಕುರಿ ದಲ್ಲಾಳಿ ಮುತ್ತುರಾಜನ ಬಂಟ.

ನನಗೆ ಆಕಳಿಕೆ ಬಂತು. ಹೆದರುವುದಕ್ಕೂ ಸ್ವಲ್ಪ ನಿದ್ದೆ ಆಗಿರಬೇಕು ನೋಡು...

ಕಳುವಾದ ಜಾನುವಾರು ಹುಡುಕಿಕೊಡುವುದು ನನ್ನ ಧಂದೆ. ಅದಕ್ಕೇ ಅಮೀನಗಡದ ಕುರಿಸಂತೆಯ ಗೇಟಿಗೆ ಕ್ಯಾಮೆರಾ ಕಟ್ಟಿ, ಎದುರಿನ ಕರದಂಟು ಅಂಗಡಿಯ ಅಟ್ಟದಿಂದ ಲೈವ್ ಬಿಡುತ್ತೇನೆ. ಇವತ್ತು ಹುಡುಕುತ್ತಿದ್ದದ್ದು ಗುಡೂರಿನ ರೇಣವ್ವನ ಟಗರು. ಬಾಟಲಿ ಹಾಲು ಕುಡಿಸಿ ಮಗನಂತೆ ಸಾಕಿದ್ದು. ಲಾರಿ ಹತ್ತಿದರೆ ನಾಳೆ ಮಟನ್!

ನನ್ನದು ಹಳೇ ಡೆಸ್ಕ್‌ಟಾಪ್. ಒಂದೇ ವಿಡಿಯೋವನ್ನು ಎರಡು ಅಳತೆಗೆ ಇಳಿಸಬೇಕು. ದೊಡ್ಡದು ವ್ಯಾಪಾರಿಗಳ ಲಿಂಕಿಗೆ, ಸಣ್ಣದು ಹಳ್ಳಿಯವರ ಅಗ್ಗದ ಫೋನಿಗೆ. ಒಂದು ಸಾಫ್ಟ್‌ವೇರ್ ತಿಂಗಳ ಬಾಡಿಗೆ ಕೇಳಿತು. ಇನ್ನೊಂದು ಅರ್ಧ ತಾಸಿಗೇ ಏದುಸಿರು ಬಿಟ್ಟಿತು. ಮೂರನೆಯದು ಪುಕ್ಕಟೆ. ಕಮಾಂಡ್ ಟೈಪ್ ಮಾಡಬೇಕು, ಅಷ್ಟೇ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಚಿಪ್ಪಿಗೂ ಹೊರೆ ಹೊರಿಸಿ, ಹೇಗೋ ಎಳೆಯುತ್ತದೆ.

ನನ್ನ ಹಾಗೆ.

"ಕಿವಿ ಕೇಳಸೂದಿಲ್ಲೇನು?"

"ಕುಡಗೋಲು ತಗಿ. ಟೈಪ್ ಮಾಡಾಕ ಕುತ್ತಿಗಿ ಬಗ್ಗಸಬೇಕು."

ವ್ಯಾಪಾರಿಗಳ ದೊಡ್ಡ ಲೈವನ್ನು ಕೊಂದೆ. ಸಣ್ಣದನ್ನು ಮುಟ್ಟಲಿಲ್ಲ. ಮಾನಿಟರ್ ಆರಿಸಿದೆ.

ಅವನು ಇಳಕಲ್ಲಿನಲ್ಲಿ ಲಿಂಕ್ ನೋಡುತ್ತ ಕೂತಿದ್ದ ಮುತ್ತುರಾಜನಿಗೆ ಫೋನ್ ಹಚ್ಚಿದ. "ಸಾಹುಕಾರ್ರ, ನಿಂತೇತ್ರಿ?"

"ನಿಂತೇತಿ ಲೇ! ಟಗರು ಗೇಟ್ ದಾಟಸಾಕ ಹೇಳು!"

ಅವನು ಗೇಟಿನಲ್ಲಿದ್ದವರಿಗೂ ಫೋನ್ ಮಾಡಿದ. ಕಾದೆವು. ಕಂಪ್ಯೂಟರಿನ ಫ್ಯಾನ್ ಗುಂಯ್‌ಗುಡುತ್ತಲೇ ಇತ್ತು.

"ಬಂದ್ ಆದಮ್ಯಾಲೂ ಯಾಕ ಹಿಂಗ ಬುಸುಗುಡತೈತಿ?"

"ವಯಸ್ಸಾಗೇತಿ."

ನನ್ನ ಫೋನ್ ಬಡಿದುಕೊಂಡಿತು. ರೇಣವ್ವ!

"ಸ್ಪೀಕರ್ ಹಾಕು!"

ಹಾಕಿದೆ.

"ಸುರೇಖಾ, ಹಿಂದಿನ ಎಡಗಾಲು ಎಳಕೋತ ಈಗ ಹೋದ್ನಲ್ಲ, ಅವನ ನಮ್ಮ ಟಗರು ನೋಡವಾ! ಫೋನಿನ್ಯಾಗ ಮಾರಿ ಕಾಣ್ಲಿಲ್ಲ, ನಡಿಗಿ ಕಂಡ್ತು. ನಮ್ಮ ತಮ್ಮ ಹುಲ್ಲಪ್ಪಗ ಹೇಳೇನಿ. ಗೇಟಿನ ಹೊರಗ ಮಂದಿ ಕಟಗೊಂಡು ನಿಂತಾನ!"

ಕುಡುಗೋಲು ಮತ್ತೆ ಎದ್ದಿತು.

"ಬಂದ್ ಮಾಡಿದ್ಯಲ್ಲ!"

"ಮಾಡೀನಿ. ನಿಮ್ಮ ಸಾಹುಕಾರಗ ಅಷ್ಟ."

ಕೆಳಗೆ ಗದ್ದಲ... ಮಹಾಂತೇಶ ಕಿಟಕಿಯಲ್ಲಿ ಇಣುಕಿದ. ಲಾರಿಯ ಸುತ್ತ ಕುರಿಗಾರರು. ಕೈಯಲ್ಲಿ ಬಡಿಗೆ. ನಾಲ್ಕಾರು ಜನ ಅಟ್ಟದ ಕಡೆಗೇ ಕೈ ಮಾಡುತ್ತಿದ್ದರು.

"ಇಳಿಯಾಕ ಒಂದ ದಾರಿ ಐತಿ," ಅಂದೆ. "ಬರೀಗೈಲೆ ಇಳದ್ರ ಒಂದೆರಡು ಏಟು ಕಡಿಮಿ ಬೀಳಬಹುದು."

ಕುಡುಗೋಲು ಮೇಜಿನ ಮೇಲೆ ಬಿತ್ತು. ಅವನು ಇಳಿದ. ಏಟುಗಳ ಸದ್ದು ಕೇಳಿಸಿತು. ಆಮೇಲೆ ಟಗರಿನ ಕೂಗು.

ರೇಣವ್ವ ಲೈನಿನಲ್ಲೇ ಅಳುತ್ತಿದ್ದಳು. ಮಾನಿಟರ್ ಮತ್ತೆ ಹಚ್ಚಿದೆ. ಮೂಗೊರೆಸಿಕೊಂಡು ಅಂದಳು:

"ಚಲೋ ಮಾಡಿದಿ, ನನ್ನವ್ವಾ. ಆದ್ರ ನಿನ್ನ ಚಿತ್ರ ಭಾಳ ಮಬ್ಬು ನೋಡು!"

ಗಿರಾಕಿಗಳ ದೂರು ಮಾತ್ರ ಯಾವಾಗಲೂ ಎಚ್‌ಡಿಯಲ್ಲೇ ಬರುತ್ತದೆ.