ಭಾನುವಾರ ಆಟವಿಲ್ಲ

"ಹುಲ್ಲು ನೋಡಾಕೆ ಅಷ್ಟು ದೂರ ಹೋಗ್ತೀರಾ?"

ಮೊದಲ ದಿನ ಕೌಂಟರಿನಲ್ಲಿ ಕೂತಿದ್ದ ಶಾಯಿಸ್ತಾ ಕೇಳಿದ್ದು ಇದನ್ನೇ. ಚನ್ನಗಿರಿ ಬಸ್ ಸ್ಟ್ಯಾಂಡ್ ಎದುರಿನ ಆ ಟ್ರಾವೆಲ್ಸ್ ಅಂಗಡಿಗೆ ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೋಗುವವರು ಬರುತ್ತಿದ್ದರು, ಅಜ್ಮೇರ್‌ಗೆ, ಧರ್ಮಸ್ಥಳಕ್ಕೆ ಹೋಗುವವರು ಬರುತ್ತಿದ್ದರು. ಸ್ಕಾಟ್ಲೆಂಡಿನ ಹಳೆಯ ಗಾಲ್ಫ್ ಮೈದಾನಗಳಲ್ಲಿ ಆಡಬೇಕು ಎಂದು ಕೇಳಿಕೊಂಡು ಬಂದವನು ಖಲೀಲ್ ಒಬ್ಬನೇ.

ಅವನು ನ್ಯಾಮತಿಯವನು. ಕೃಷಿ ಬಿಎಸ್ಸಿ ಓದಿ, ಮಸ್ಕತ್‌ನ ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಎಲೆಯ ಮೇಲೆ ಕಂದು ಚುಕ್ಕೆ ಕಂಡರೆ ಮಂಡಿಯೂರಿ ಲೆನ್ಸ್ ಹಿಡಿಯುವ ಮನುಷ್ಯ. ಈಗ ರಜೆಗೆ ಊರಿಗೆ ಬಂದಿದ್ದ. ರಜೆ ಮುಗಿಯುವುದರೊಳಗೆ ಪ್ರವಾಸದ ಪ್ಲಾನ್ ಸಿದ್ಧವಾಗಬೇಕಿತ್ತು.

"ಎರಡು ಥರ ಇರ್ತಾವ್ರೀ," ಎಂದು ಅವನು ವಿವರಿಸಿದ. "ಸಮುದ್ರದ ದಂಡೇಲಿರೋದು ಲಿಂಕ್ಸ್. ಜಗಳೂರು ಕಡೆ ಕುರಿ ಮೇಯ್ದ ಬಯಲು ನೋಡೀರಾ? ಗಟ್ಟಿ ನೆಲ, ಗಿಡ್ಡ ಹುಲ್ಲು, ಗಾಳಿಗೆ ಅಡ್ಡ ಏನೂ ಇಲ್ಲ. ಅದನ್ನ ಎತ್ಕೊಂಡೋಗಿ ಸಮುದ್ರದ ಪಕ್ಕ ಇಡ್ರಿ, ಲಿಂಕ್ಸ್ ಆಗ್ತೈತೆ."

"ಇನ್ನೊಂದು?"

"ಒಳನಾಡಿಂದು. ಈ ಚನ್ನಗಿರಿ ಥರ. ಮರ, ನೆರಳು, ಮೆತ್ತನೆ ನೆಲ."

ಅವಳು ತುಟಿ ಕಚ್ಚಿ ನಕ್ಕಳು. "ಜಗಳೂರಿನ ಕುರಿಗಳಿಗೆ ಹೇಳ್ತೀನಿ ಬಿಡ್ರಿ. ಖುಷಿ ಪಡ್ತಾವೆ."

ಯಾಕೆ ನಕ್ಕಳೆಂದು ಅವನಿಗೆ ತಿಳಿಯಲಿಲ್ಲ. ನಗುವಾಗ ಅವಳ ಎಡಗೆನ್ನೆ ಮೊದಲು ಏಳುತ್ತದೆ, ಬಲಗೆನ್ನೆ ಕೊಂಚ ತಡವಾಗಿ ಬರುತ್ತದೆ ಎಂಬುದನ್ನು ಮಾತ್ರ ಗಮನಿಸಿದ.

ಆಮೇಲೆ ಅವನು ಸಣ್ಣಪುಟ್ಟದಕ್ಕೆಲ್ಲ ಬೈಕ್ ಹತ್ತತೊಡಗಿದ. ವೀಸಾ ಫೋಟೋದ ಅಳತೆ ಕೇಳಲು ಒಂದು ದಿನ. ಲಂಡನ್ ಹತ್ತಿರದ ಒಳನಾಡಿನ ಮೈದಾನ ಮೊದಲೋ ಕೊನೆಗೋ ಎಂದು ಚರ್ಚಿಸಲು ಇನ್ನೊಂದು ದಿನ.

"ಫೋನ್ ಮಾಡಿದ್ರೆ ಆಗ್ತಿರ್ಲಿಲ್ವಾ?"

"ನ್ಯಾಮತೀಲಿ ನೆಟ್‌ವರ್ಕ್ ಇರ್ಲಿಲ್ಲ."

"ದಾರೀಲಿ ಹೊನ್ನಾಳಿ ಬರ್ತೈತಲ್ಲ, ಅಲ್ಲಿ?"

"ಸೇತುವೆ ಮೇಲೆ ಸಿಕ್ತು. ಗಾಡಿ ಓಡಿಸ್ತಾ ಮಾತಾಡಬಾರದಲ್ರೀ."

ಒಳಗಿನ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ಅವಳ ಸೋದರಮಾವ ಬುಡನ್‌ಸಾಬ್ ಜೋರಾಗಿ ಕೆಮ್ಮಿದರು. ಅಂಗಡಿ ಅವರದು.

ಇಂದು ಖಲೀಲ್ ಬೇರೆಯೇ ಉದ್ದೇಶದಿಂದ ಬಂದಿದ್ದ. ಬೆಳಿಗ್ಗೆ ತಿಂಡಿ ತಿನ್ನುವಾಗ ತಾಯಿ ಚಮನಬಿ ತಟ್ಟೆಯ ಪಕ್ಕದಲ್ಲಿ ಒಂದು ಫೋಟೋ ಬೋರಲು ಇಟ್ಟಿದ್ದಳು. ಜಗಳೂರಿನ ಕುರಿ ವ್ಯಾಪಾರಿಯ ಮಗಳಂತೆ, ಶುಕ್ರವಾರ ನೋಡಲು ಹೋಗಬೇಕಂತೆ. ಅವನು ಫೋಟೋ ತಿರುವಲಿಲ್ಲ, ಹೆಸರೂ ಕೇಳಲಿಲ್ಲ. ಬೇಡ ಎಂದು ಕೈ ತೊಳೆದು ಎದ್ದಿದ್ದ. ಮನಸ್ಸಿನಲ್ಲಿರುವುದನ್ನು ಇವತ್ತು ಶಾಯಿಸ್ತಾಗೆ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ.

ಅವಳು ಮುಖವನ್ನೇ ಎತ್ತಲಿಲ್ಲ. ಕಂಪ್ಯೂಟರ್ ಪರದೆಯನ್ನು ಅವನ ಕಡೆ ತಿರುಗಿಸಿ, "ಪ್ಲಾನ್ ರೆಡಿ ಐತೆ. ನೋಡ್ಕೊಳ್ರಿ," ಎಂದಳು.

ಅವನು ಓದುತ್ತಾ ಹೋದ. ಪಶ್ಚಿಮ ದಂಡೆಯ ಲಿಂಕ್ಸ್. ಅಲ್ಲಿಂದ ರೈಲು. ಶನಿವಾರ ಸಂಜೆ ಸೇಂಟ್ ಆಂಡ್ರೂಸ್. ಭಾನುವಾರ, ಅಲ್ಲಿನ ಓಲ್ಡ್ ಕೋರ್ಸ್ ಮೈದಾನ.

ಅವನು ಪರದೆಯ ಮೇಲೆ ಬೆರಳಿಟ್ಟ.

"ಏನ್ರೀ ಇದು! ಭಾನುವಾರ ಅಲ್ಲಿ ಆಟ ಇಲ್ಲ! ಅವತ್ತು ಊರಿನೋರು ನಾಯಿ ಹಿಡ್ಕೊಂಡು ಅಡ್ಡಾಡ್ತಾರೆ. ನಾನೇ ಹೇಳಿದ್ನಲ್ಲ!"

"ಗೊತ್ತು. ನಿಮ್ಮ ಆಟಕ್ಕೆ ಸೋಮವಾರ, ಮಂಗಳವಾರ ಇಟ್ಟೀನಿ. ಕೆಳಗೈತೆ ನೋಡ್ರಿ."

"ಮತ್ತೆ ಭಾನುವಾರ ಯಾಕೆ?"

"ಆಡಾಕೆ ಬರದೋರೂ ಅವತ್ತು ನಡೀಬಹುದು ಅಂದಿದ್ರಲ್ಲ. ಅದಕ್ಕೆ."

"ಯಾರು ನಡಿಯೋರು?"

ಅವಳು ಮೌಸ್ ಮೇಲೆ ಕೈ ಇಟ್ಟಳು. "ನನ್ನ ತಪ್ಪು. ಅಳಿಸ್ತೀನಿ. ಬೆಳಿಗ್ಗೆ ನೀವು ಬೇಡ ಅಂದ್ರಂತಲ್ಲ."

"ಏನನ್ನ?"

"ಹುಡುಗೀನ."

ಹೊರಗೆ ಶಿವಮೊಗ್ಗದ ಬಸ್ ಹಾರ್ನ್ ಹೊಡೆಯುತ್ತಿತ್ತು.

"ಅದು... ಅದು ಜಗಳೂರಿನ ಹುಡುಗಿ."

"ನಾನೆಲ್ಲಿಯೋಳು ಅಂತ ಒಂದು ದಿನಾನಾದ್ರೂ ಕೇಳೀರಾ? ಇದು ಮಾಮು ಅಂಗಡಿ. ಜಗಳೂರಿನ ಕುರಿ ವ್ಯಾಪಾರ ನಮ್ಮ ಅಬ್ಬಾಂದು." ಅವಳು ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. "ಮಸ್ಕತ್‌ನಾಗೆ ಹುಲ್ಲು ಬೆಳೆಸೋ ಹುಡುಗ ಅಂತ ನಮ್ಮ ಅಮ್ಮಿ ಹೇಳಿದ ತಕ್ಷಣ ನನಗೆ ಗೊತ್ತಾತು. ಅವತ್ತೇ ಈ ಭಾನುವಾರ ಸೇರಿಸಿದ್ದು. ಫೋಟೋ ಮುಟ್ಟಲೇ ಇಲ್ಲ ಅಂತ ಬೆಳಿಗ್ಗೆ ನಿಮ್ಮ ಮನೆಯಿಂದ ಫೋನ್ ಬಂತಂತೆ. ಅದನ್ನಾದ್ರೂ ತಿರುವಿ ನೋಡ್ಬಾರದಿತ್ತಾ?"

ಖಲೀಲ್ ಗಾಜಿನ ಕೌಂಟರ್ ಹಿಡಿದುಕೊಂಡ. ಹುಲ್ಲಿನ ಒಂದೊಂದು ಎಸಳನ್ನೂ ತಿರುವಿ ನೋಡುವ ತಾನು, ಅಂಗೈಯಗಲದ ಒಂದು ಫೋಟೋವನ್ನು ತಿರುವಿರಲಿಲ್ಲ.

"ನೋಡಿದ್ರೆ ಮನಸ್ಸು ಬದಲಾಗ್ತೈತೆ ಅಂತ ನಮ್ಮ ಅಮ್ಮಿ ಅಂದ್ಲು," ಎಂದ. "ಬದಲಾಗಬಾರದು ಅಂತಾನೇ ನೋಡ್ಲಿಲ್ಲ. ಚನ್ನಗಿರೀಲಿ ಒಬ್ಬರಿಗೆ ಒಂದು ಮಾತು ಹೇಳೋದಿತ್ತು."

ಈಗ ದಂಗಾಗುವ ಸರದಿ ಅವಳದು. ಮೌಸ್ ಮೇಲಿನ ಬೆರಳು ಹಾಗೇ ನಿಂತಿತು. ಕಣ್ಣು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು.

"ಆ ಒಬ್ಬರು ಯಾರು ಅಂತ ಬೇಗ ಹೇಳಪ್ಪ," ಪೇಪರಿನ ಹಿಂದಿನಿಂದ ಬುಡನ್‌ಸಾಬ್ ಕೂಗಿದರು. "ನನಗೆ ನಮಾಜಿಗೆ ಹೊತ್ತಾತು."

ಖಲೀಲ್ ಜೇಬಿಗೆ ಕೈ ಹಾಕಿದ. ಅವಳನ್ನೇ ನೋಡುತ್ತಾ ತಾಯಿಗೆ ಫೋನ್ ಹಚ್ಚಿದ. "ಅಮ್ಮಿ, ಜಗಳೂರಿನೋರಿಗೆ ಹೂಂ ಅಂತ ಹೇಳು."

"ಬೆಳಿಗ್ಗೆ ಬೇಡ ಅಂದು ತಟ್ಟೆ ಬಿಟ್ಟು ಎದ್ದೋನು! ಬಿಸಿಲು ಹೊಡೀತೇನೋ? ಫೋಟೋ ಇಲ್ಲೇ ಐತೆ, ನೋಡೇ ಇಲ್ಲ ನೀನು."

"ಹುಡುಗೀನೇ ನೋಡ್ತಾ ಇದೀನಿ."

ಆ ಕಡೆ ಏನೋ ಪಾತ್ರೆ ಬಿದ್ದ ಸದ್ದು. ಆಮೇಲೆ ಚಮನಬಿಯ ಪಿಸುದನಿ: "ಅಂಗಿ ಆದ್ರೂ ಇಸ್ತ್ರಿ ಮಾಡಿದ್ದು ಹಾಕ್ಕೊಂಡೀಯಾ?"

ಶಾಯಿಸ್ತಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಆದರೆ ಮುಖ ತೆರೆದಾಗ ಕಣ್ಣಲ್ಲಿ ಅಂಜಿಕೆ ಇತ್ತು. "ಅಬ್ಬಾಗೆ ಭಾಳ ನೋವಾಗೈತೆ. ಮಗಳನ್ನ ನೋಡ್ದೇನೇ ಬೇಡ ಅಂದ್ರಲ್ಲ ಅಂತ. ಫೋನಿನಾಗೆ ಹೇಳಿದ್ರೆ ಒಪ್ಪಲ್ಲ."

"ನಾನೇ ಹೋಗಿ ಕ್ಷಮೆ ಕೇಳ್ತೀನಿ. ಈಗ್ಲೇ."

"ಬೈಕಿನಾಗಾ? ಆ ಬಯಲಾಗೆ ಗಾಳಿ ಜಾಸ್ತಿ."

"ಲಿಂಕ್ಸಿಗೆ ಪ್ರಾಕ್ಟೀಸ್ ಆಗ್ತೈತೆ ಬಿಡ್ರಿ." ಬಾಗಿಲ ತನಕ ಹೋದವನು ತಿರುಗಿದ. "ಭಾನುವಾರ ಅಳಿಸಬೇಡ್ರಿ."

"ಅವತ್ತು ನನಗೆ ಹುಲ್ಲು ತೋರಿಸ್ತೀರಾ?"

"ನೀವು ನೋಡ್ಕೊಳ್ರಿ. ನನಗೆ ಅವತ್ತು ಹುಲ್ಲು ನೋಡಾಕೆ ಪುರುಸೊತ್ತಿರಲ್ಲ."

ಅವಳ ಎಡಗೆನ್ನೆ ಎದ್ದಿತು. ಬಲಗೆನ್ನೆಗಾಗಿ ಅವನು ಬಾಗಿಲಲ್ಲೇ ಕಾದು ನಿಂತ.